ಚೊಗರು ಗೊತ್ತಿದ್ದವರಿಗೆ ವೈನ್ ಏನು ಹೊಸದು?

ವೈನ್ ಬಗ್ಗೆ ಯಾರಾದರೂ ಮಾತು ಶುರು ಮಾಡಿದರೆ ಐದು ನಿಮಿಷದೊಳಗೆ ‘ಟ್ಯಾನಿನ್’ ಅನ್ನೋ ಪದ ಬಂದೇ ಬರುತ್ತೆ. ಕೆಂಪು ವೈನ್ ಒಂದು ಗುಟುಕು ಕುಡಿದ ಮೇಲೆ ಒಸಡು ಒಣಗಿ, ಕೆನ್ನೆಯ ಒಳಭಾಗ ಬಿಗಿದುಕೊಂಡ ಹಾಗಾಗುತ್ತದಲ್ಲ, ಅದು. ಆಫೀಸಿನ ಗೆಳೆಯರಿಗೆ ಇದನ್ನು ವಿವರಿಸೋಕೆ ಹಾಲಿಲ್ಲದ ಕಡು ಟೀ, ಡಾರ್ಕ್ ಚಾಕೊಲೇಟ್ ಅಂತೆಲ್ಲ ಉದಾಹರಣೆ ಹುಡುಕಬೇಕು. ನಮ್ಮ ಕೆರೆಬಿಳಚಿ ಕಡೆಯವರಿಗೆ ಒಂದೇ ಪದ ಸಾಕು. ಚೊಗರು.

ಚನ್ನಗಿರಿ ಸೀಮೆ ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಬೇಕು. ಸೂಳೆಕೆರೆಯ, ಅಂದರೆ ಈಗಿನವರು ಶಾಂತಿಸಾಗರ ಅನ್ನೋ ಆ ದೊಡ್ಡ ಕೆರೆಯ ಆಸುಪಾಸಿನ ಊರು ನಮ್ಮದು. ಒಂದು ಕಾಲಕ್ಕೆ ಭತ್ತದ ಗದ್ದೆಗಳಿದ್ದ ಕಡೆಯೆಲ್ಲ ಈಗ ಅಡಿಕೆ. ಆಗಸ್ಟ್ ಕಳೆದು ಕೊಯ್ಲು ಶುರುವಾದರೆ ಮನೆಮನೆ ಕಣದಲ್ಲೂ ಹಂಡೆ ಕುದಿಯುತ್ತೆ. ಹಸಿ ಅಡಿಕೆ ಸುಲಿದು ಬೇಯಿಸುವಾಗ ಹಿಂದಿನ ಒಬ್ಬೆಯಲ್ಲಿ ಉಳಿದ ಕೆಂಪು ರಸವನ್ನು ಮತ್ತೆ ಸೇರಿಸುತ್ತಾರೆ. ಆ ರಸವೇ ಚೊಗರು. ರಾಶಿ ಅಡಿಕೆಗೆ ಆ ಕೆಂಪು, ಆ ಹೊಳಪು ಬರೋದು ಅದರಿಂದ. ಚೊಗರು ತೆಳುವಾದರೆ ಬಣ್ಣ ಬರಲ್ಲ, ಬಣ್ಣ ಇಲ್ಲದಿದ್ದರೆ ತುಮ್ಕೋಸ್ ಹರಾಜಿನಲ್ಲಿ ರೇಟು ಇಲ್ಲ. ಆ ಒಗರಿನ ವಾಸನೆಯಲ್ಲೇ ನಾನು ಹೋಂವರ್ಕ್ ಮಾಡಿ ಬೆಳೆದದ್ದು. ಕೈಗೆ ಹತ್ತಿದರೆ ಎರಡು ದಿನ ಹೋಗಲ್ಲ, ನಾಲಿಗೆಗೆ ತಾಗಿದರೆ ಕೇಳೋದೇ ಬೇಡ.

ಆದ್ದರಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದು, ಮೊದಲ ಸಲ ಕೆಂಪು ವೈನ್ ಕುಡಿದಾಗ ನನಗೆ ಅದು ವಿದೇಶಿ ಅನ್ನಿಸಲೇ ಇಲ್ಲ.

ಮನೆಯಲ್ಲಿ ಮಾತ್ರ ಈ ವಿಷಯ ಎತ್ತುವ ಹಾಗಿರಲಿಲ್ಲ. ನಮ್ಮ ಚಿಕ್ಕಪ್ಪ ಕುಡಿತಕ್ಕೆ ಬಿದ್ದು ನಲವತ್ತು ದಾಟದೆ ಹೋದರು. ಚಿಕ್ಕಮ್ಮ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಅಡಿಕೆ ಸುಲಿಯೋ ಕೂಲಿಗೆ ಹೋದದ್ದನ್ನು ನೋಡಿದ ಮನೆ ಅದು. ಅಂಥ ಮನೆಯಲ್ಲಿ ವೈನ್ ಬೇರೆ, ಸಾರಾಯಿ ಬೇರೆ ಅಂತ ವಾದ ಮಾಡೋಕೆ ನನಗೆ ಬಾಯಿ ಬರಲ್ಲ. ಬಾಟಲಿಯ ಒಳಗಿರೋದು ಎರಡರಲ್ಲೂ ಆಲ್ಕೋಹಾಲೇ.

ಹಾಗಿದ್ದೂ ಈ ಫೆಬ್ರವರಿಯಲ್ಲಿ ಅಪ್ಪನನ್ನು ವೈನರಿಗೆ ಕರೆದುಕೊಂಡು ಹೋದೆ. ಬೆಂಗಳೂರಲ್ಲಿ ಅಪ್ಪನ ಕಣ್ಣಿನ ಚೆಕಪ್ ಇತ್ತು. ತಮ್ಮ ಕಾರು ಓಡಿಸ್ತಿದ್ದ. “ನಂದಿ ಬೆಟ್ಟದ ಕಡೆ ದ್ರಾಕ್ಷಿ ತೋಟ ಇದೆ, ಫ್ರಾನ್ಸಿನ ತಳಿ, ಈಗ ಕೊಯ್ಲಿನ ಟೈಮು” ಅಂದೆ. ತೋಟ ಅಂದ ಕೂಡಲೇ ಅಪ್ಪ ಹೂಂ ಅಂದ್ರು. ಬಾಕಿ ಯಾವುದನ್ನೂ ನಾನು ಮುಚ್ಚಿಡಲಿಲ್ಲ, ಅಲ್ಲಿ ವೈನ್ ಮಾಡ್ತಾರೆ ಅಂತಲೂ ಹೇಳಿದೆ. “ಮಾಡ್ಲಿ, ನೋಡೋಕೇನು” ಅಂದ್ರು.

ನಮ್ಮ ಕಡೆಯಿಂದ ಹೋಗೋರಿಗೆ ಒಂದು ಮಾತು. ಚನ್ನಗಿರಿ, ಹೊಳಲ್ಕೆರೆ, ಚಿತ್ರದುರ್ಗ ದಾಟಿ ಹೆದ್ದಾರಿ ಹಿಡಿದರೆ ತುಮಕೂರು ಆದ ಮೇಲೆ ದಾಬಸ್‌ಪೇಟೆ ಸಿಗುತ್ತೆ. ಅಲ್ಲೇ ದೊಡ್ಡಬಳ್ಳಾಪುರದ ಕಡೆ ತಿರುಗಿಬಿಡಿ. ಬೆಂಗಳೂರಿನ ಟ್ರಾಫಿಕ್‌ಗೆ ತಲೆ ಕೊಡದೆಯೇ ತಲುಪಬಹುದು. ದೊಡ್ಡಬಳ್ಳಾಪುರದಿಂದ ದೇವನಹಳ್ಳಿ ರಸ್ತೆಯಲ್ಲಿ ರಘುನಾಥಪುರ. ಗ್ರೋವರ್ ಜಾಂಪಾ ವೈನರಿ ಇರೋದು ಅಲ್ಲಿ. ಮೊದಲೇ ಫೋನ್ ಮಾಡಿ ಟೂರ್ ಬುಕ್ ಮಾಡಿಕೊಂಡು ಹೋಗೋದು ಒಳ್ಳೇದು.

ಈ ತೋಟ ಹುಟ್ಟಿದ ಕಥೆ ಚೆನ್ನಾಗಿದೆ. ಕನ್ವಲ್ ಗ್ರೋವರ್ ಎಂಬ ಉದ್ಯಮಿ ವ್ಯಾಪಾರದ ಕೆಲಸಕ್ಕೆ ಫ್ರಾನ್ಸಿಗೆ ಹೋಗಿ ಬರುತ್ತಿದ್ದವರು, ಅಲ್ಲಿನ ವೈನಿಗೆ ಮನಸೋತರು. ಈ ದ್ರಾಕ್ಷಿ ನಮ್ಮಲ್ಲಿ ಯಾಕೆ ಬೆಳೀಬಾರದು ಅಂತ ಶಾಂಪೇನ್ ಪ್ರಾಂತ್ಯದ ತಜ್ಞ ಜಾರ್ಜ್ ವೆಸೆಲ್ ಅವರನ್ನು ಜತೆ ಮಾಡಿಕೊಂಡು ದೇಶದ ಬೇರೆ ಬೇರೆ ಕಡೆ ನೆಲ ಹುಡುಕಿದರು. ಕೊನೆಗೆ ನಂದಿಯ ಬುಡ ಒಪ್ಪಿಗೆಯಾಯಿತು. 1988ರಲ್ಲಿ ಕಂಪನಿ, 1992ರಲ್ಲಿ ಮೊದಲ ವೈನ್. ಆಮೇಲೆ ಫ್ರಾನ್ಸಿನ ಹೆಸರಾಂತ ಸಲಹೆಗಾರ ಮಿಷೆಲ್ ರೋಲಾಂ ಕೂಡ ಬಂದರು. 2012ರಲ್ಲಿ ನಾಸಿಕ್ ಕಡೆಯ ಇನ್ನೊಂದು ವೈನ್ ಕಂಪನಿ ಜತೆ ಸೇರಿ ‘ಗ್ರೋವರ್ ಜಾಂಪಾ’ ಆಯಿತು.

ನಂದಿಯೇ ಯಾಕೆ? ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಹೆಚ್ಚು ಎತ್ತರ, ನೀರು ನಿಲ್ಲದ ಕೆಂಪು ಮಣ್ಣು. ಹಗಲು ಬಿಸಿಲು, ರಾತ್ರಿ ತಂಪು. ಬಿಸಿಲಿಗೆ ಹಣ್ಣಿನಲ್ಲಿ ಸಕ್ಕರೆ ಕೂಡುತ್ತೆ, ತಂಪಿಗೆ ಹುಳಿ ಉಳಿಯುತ್ತೆ. ಹುಳಿ ಇಲ್ಲದ ವೈನ್, ಹುಣಸೆ ಮರೆತ ಸಾರಿನ ಹಾಗೆ.

ಫ್ರಾನ್ಸಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ನಿದ್ದೆ ಹೋಗುತ್ತೆ. ನಮ್ಮಲ್ಲಿ ಆ ಚಳಿ ಎಲ್ಲಿಂದ ಬರಬೇಕು? ಹಾಗಾಗಿ ಮನುಷ್ಯನೇ ಕತ್ತರಿ ಹಿಡಿಯಬೇಕು. ಬೇಸಿಗೆಯಲ್ಲೊಮ್ಮೆ ರೆಂಬೆ ಬೆಳೆಯಲಿ ಅಂತ ಸವರುತ್ತಾರೆ, ಮಳೆಗಾಲ ಮುಗಿಯುವ ಹೊತ್ತಿಗೆ ಹಣ್ಣಿಗಾಗಿ ಮತ್ತೊಮ್ಮೆ. ವಿಜಯಪುರದ ದ್ರಾಕ್ಷಿ ರೈತರು ಇದಕ್ಕೆ ಚಾಟ್ನಿ ಅಂತಾರೆ. ಕೊಯ್ಲು ಫೆಬ್ರವರಿ, ಮಾರ್ಚ್. ಅಂದರೆ ನಮ್ಮ ಅಡಿಕೆ ಕೆಲಸ ಮುಗಿದು ಅಪ್ಪ ಬಿಡುವಾಗುವ ಹೊತ್ತಿಗೆ ಸರಿಯಾಗಿ.

ಸಾಲುಸಾಲು ಬಳ್ಳಿ, ತಂತಿಗೆ ಕಟ್ಟಿದ ರೆಂಬೆ, ಬುಡದಲ್ಲಿ ಹನಿ ನೀರಿನ ಕಪ್ಪು ಪೈಪು. ಅಪ್ಪ ಎಲೆ ನೋಡಲಿಲ್ಲ, ಹಣ್ಣು ನೋಡಲಿಲ್ಲ. ಬಗ್ಗಿ ಪೈಪು ನೋಡಿದರು. “ಎಷ್ಟು ಹೊತ್ತು ಬಿಡ್ತೀರಿ ನೀರು?” ಅಂತ ಟೂರ್ ಮಾಡಿಸುತ್ತಿದ್ದ ಹುಡುಗನನ್ನು ಕೇಳಿದರು. ಕೊಯ್ಲು ಹತ್ತಿರ ಬಂದಾಗ ನೀರು ಕಮ್ಮಿ ಮಾಡ್ತೀವಿ ಸರ್, ಜಾಸ್ತಿ ಕುಡಿದರೆ ಹಣ್ಣು ದಪ್ಪ ಆಗಿ ರುಚಿ ತೆಳುವಾಗುತ್ತೆ ಅಂದ ಅವನು. ಅಪ್ಪ ನನ್ನ ಮುಖ ನೋಡಿದರು. 2024ರ ಬೇಸಿಗೆ ನೆನಪಾಗಿರಬೇಕು. ಆ ವರ್ಷ ಚನ್ನಗಿರಿ ತಾಲ್ಲೂಕಿನಲ್ಲಿ ಬೋರ್‌ವೆಲ್ ಕೈಕೊಟ್ಟು, ಅಡಿಕೆ ಉಳಿಸಿಕೊಳ್ಳೋಕೆ ಜನ ಟ್ಯಾಂಕರ್ ನೀರು ಕೊಂಡು ಹೊಯ್ದರು. ನೀರು ಕಮ್ಮಿಯಾದರೆ ಬೆಲೆ ಹೆಚ್ಚುವ ಬೆಳೆಯೊಂದು ಇದೆ ಅನ್ನೋದನ್ನು ನಂಬೋಕೆ ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲೆ ಹಣ್ಣು. ಕ್ಯಾಬರ್ನೆ ಸೊವಿನ್ಯೋ ಅಂತ ತಳಿ. ನಾವು ತಿನ್ನುವ ದ್ರಾಕ್ಷಿಯ ಮುಂದೆ ಬಟಾಣಿ ಗಾತ್ರ, ಸಿಪ್ಪೆ ದಪ್ಪ, ತಿರುಳಿಗೆ ಸಮ ಬೀಜ. ಅಪ್ಪ ಒಂದು ಬಾಯಿಗೆ ಹಾಕಿಕೊಂಡು ಬೀಜವನ್ನೂ ಕಟುಂ ಅಂತ ಕಡಿದರು. ಮುಖ ಕಿವುಚಿ, ಉಗಿದು, “ಇದು ಚೊಗರು ಕಣವ್ವ!” ಅಂದರು.

ಟೂರ್ ಹುಡುಗ ಚಿಕ್ಕಬಳ್ಳಾಪುರದ ಕಡೆಯವನು, ಚೊಗರು ಅಂದರೆ ಗೊತ್ತಿಲ್ಲ. ಅಪ್ಪ ಅವನಿಗೆ ಅಡಿಕೆ ಬೇಯಿಸೋದರ ಮೇಲೆ ಹತ್ತು ನಿಮಿಷ ಪಾಠ ಮಾಡಿದರು. ಆವತ್ತಿನ ಟೂರಿನಲ್ಲಿ ನನಗೆ ಅತಿ ಇಷ್ಟವಾದ ಭಾಗ ಅದು. ಟ್ಯಾನಿನ್ ಅನ್ನೋದು ಸಿಪ್ಪೆಯಲ್ಲಿದೆ, ಬೀಜದಲ್ಲಿದೆ, ವೈನ್ ಇಡುವ ಓಕ್ ಮರದ ಪೀಪಾಯಿಯಲ್ಲೂ ಒಂದಿಷ್ಟಿದೆ. ಅಡಿಕೆಯಲ್ಲಿ ಇರೋದೂ ಅದೇ ಜಾತಿಯ ವಸ್ತು.

ಒಳಗಿನ ಕೆಲಸ ಸರಳ, ಆದರೆ ಕಾಯಬೇಕು. ಹಣ್ಣಿನ ರಸದ ಒಂದು ಹನಿಯನ್ನು ಪುಟ್ಟ ದುರ್ಬೀನಿನಂಥ ಉಪಕರಣದ ಗಾಜಿನ ಮೇಲೆ ಹಾಕಿ ಬೆಳಕಿಗೆ ಹಿಡಿದರೆ ಸಕ್ಕರೆ ಎಷ್ಟಿದೆ ಅಂತ ಗೊತ್ತಾಗುತ್ತೆ. ಆ ಅಳತೆಗೆ ಬ್ರಿಕ್ಸ್ ಅಂತಾರೆ. ಕೆಂಪು ವೈನಿಗೆ 22ರಿಂದ 24 ಇದ್ದರೆ ಹದ. ಯೀಸ್ಟ್ ಆ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತೆ, 24 ಬ್ರಿಕ್ಸ್ ಹಣ್ಣಿನಿಂದ ಸುಮಾರು ಶೇ 13. ಬಿಳಿ ವೈನಿಗೆ ಹಣ್ಣು ಹಿಂಡಿ ರಸವನ್ನು ಮಾತ್ರ ತಂಪಾಗಿ ಹುದುಗಿಸುತ್ತಾರೆ. ಕೆಂಪಿಗೆ ಸಿಪ್ಪೆ, ಬೀಜ ಎಲ್ಲದರ ಜತೆಗೇ. ಕಪ್ಪು ದ್ರಾಕ್ಷಿಯ ರಸಕ್ಕೂ ಬಣ್ಣವಿಲ್ಲ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಬಣ್ಣ ಬಿಡೋದು ಸಿಪ್ಪೆ. ಒಂದು ಬಾಟಲಿ, ಅಂದರೆ 750 ಮಿಲಿಗೆ ಒಂದು ಕೆಜಿಗಿಂತ ತುಸು ಹೆಚ್ಚು ಹಣ್ಣು ಬೇಕು.

ಪೀಪಾಯಿ ಕೋಣೆ ತಣ್ಣಗೆ, ಕತ್ತಲೆ, ಹಳೆ ಮರದ್ದೂ ವೆನಿಲ್ಲಾದ್ದೂ ಸೇರಿದ ಘಮ. ಫೋಟೋಗೆ ಚೆನ್ನ, ಅಷ್ಟೇ. ಮುಂದೆ ಹೋಗೋಣ.

ರುಚಿ ನೋಡುವ ಮೇಜಿನ ಮೇಲೆ ಮೂವರಿಗೂ ಗ್ಲಾಸ್ ಇಟ್ಟರು. ತಮ್ಮ ಡ್ರೈವಿಂಗ್ ಅಂತ ಕೈಮುಗಿದ. (ಕಾನೂನು ಪ್ರಕಾರ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಬಾರದು. ಟೇಸ್ಟಿಂಗ್ ಅಂತ ನಾಲ್ಕೈದು ಬಗೆ ಗುಟುಕರಿಸಿದರೆ ಅದು ದಾಟೋದು ಕಷ್ಟವೇನಲ್ಲ. ಒಬ್ಬರು ಕುಡಿಯದವರು ಜತೆಗಿರಲಿ.) ಅಪ್ಪ ಗ್ಲಾಸನ್ನು ಎರಡು ಬೆರಳಲ್ಲಿ ಪಕ್ಕಕ್ಕೆ ಸರಿಸಿದರು. ನನ್ನ ಮುಂದಿನ ಗ್ಲಾಸಿಗೆ ಬಿಳಿ ವೈನ್ ಬಿತ್ತು. ಮೂವತ್ತು ವರ್ಷದ ಮಗಳು, ಕೈಯಲ್ಲಿ ಸಂಬಳ, ಆದರೂ ಆ ಗ್ಲಾಸ್ ಎತ್ತಲು ನನಗೆ ಆಗಲಿಲ್ಲ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ತಗೋ, ರುಚಿ ಹೇಳು. ಅಷ್ಟು ದೂರ ಬಂದು ಸರಕು ನೋಡ್ದೆ ಹೋಗ್ತೀವಾ?” ಅಂದರು. ಅಡಿಕೆ ಮಂಡಿಯಲ್ಲಿ ಸ್ಯಾಂಪಲ್ ನೋಡುವ ದನಿಯಲ್ಲೇ. ನಾನು ರುಚಿ ಹೇಳುತ್ತಾ ಹೋದೆ, ಅವರು ಕೇಳುತ್ತಾ ಹೋದರು. ಸೊವಿನ್ಯೋ ಬ್ಲಾಂಕ್: ನಿಂಬೆ, ಹಸಿ ಹುಲ್ಲು, ಜೋರು ಹುಳಿ. ವಿಯೋನಿಯೆ: ಹೂವಿನ ಘಮ, ಹುಳಿ ಮೆದು. ಕ್ಯಾಬರ್ನೆ ಮತ್ತು ಶಿರಾಜ್ ಸೇರಿಸಿ ಓಕ್ ಪೀಪಾಯಿಯಲ್ಲಿ ಇಟ್ಟ ಲಾ ರಿಸರ್ವ್: ನೇರಳೆ ಹಣ್ಣು, ಮೆಣಸು, ಹೊಗೆ. “ಚೊಗರು?” ಅಂತ ಕೇಳಿದರು. ಇದೆ, ಆದರೆ ಬೀಜ ಕಡಿದಾಗಿನಷ್ಟು ಒರಟಲ್ಲ, ಪೀಪಾಯಿಯಲ್ಲಿ ಕೂತು ಮೆತ್ತಗಾಗಿದೆ ಅಂದೆ. “ಹಳೇ ಚೊಗರು ಹಂಗೇ” ಅಂದರು.

ವಾಪಸ್ ಬರುವಾಗ ಕಾರಿನಲ್ಲಿ ನಾನೇ ಚಿಕ್ಕಪ್ಪನ ಮಾತು ತೆಗೆದೆ. ಅಪ್ಪ ಬಹಳ ಹೊತ್ತು ಕಿಟಕಿ ಹೊರಗೆ ನೋಡುತ್ತಿದ್ದರು. ಆಮೇಲೆ, “ನೀನು ಓದಿದ್ದು ಅಡಿಕೆ ದುಡ್ಡಲ್ಲಿ. ಆ ಅಡಿಕೆ ಗುಟ್ಕಾ ಆಗಿ ಯಾರ ಬಾಯಿಗೆ ಹೋಯ್ತು, ಏನಾಯ್ತು ಅಂತ ನಾನು ಲೆಕ್ಕ ಇಟ್ಟಿಲ್ಲ. ನಿಂಗೆ ಯಾವ ಬಾಯಲ್ಲಿ ಬುದ್ಧಿ ಹೇಳ್ಲಿ? ನಿನ್ನ ಲೆಕ್ಕ ನೀನು ಇಟ್ಕೋ” ಅಂದರು.

ಅದು ಒಪ್ಪಿಗೆಯೋ ಬೈಗುಳವೋ ನನಗೆ ಇವತ್ತಿಗೂ ಸ್ಪಷ್ಟವಿಲ್ಲ. ಆದರೆ ಮಾತು ಸತ್ಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಆಲ್ಕೋಹಾಲನ್ನೂ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲನೇ ಗುಂಪಿಗೇ ಸೇರಿಸಿದೆ. ವೈನ್ ಹೃದಯಕ್ಕೆ ಒಳ್ಳೆಯದು ಅಂತ ವಾಟ್ಸಾಪಲ್ಲಿ ಬರೋದನ್ನು ನಂಬಿ ಯಾರೂ ಶುರು ಮಾಡಬೇಡಿ. ನಾನು ಲೆಕ್ಕ ಇಟ್ಟಿದ್ದೇನೆ: ತಿಂಗಳಿಗೆ ಎರಡು ಸಲ, ಊಟದ ಜತೆ, ಒಂದೇ ಗ್ಲಾಸು. ಊಟ ಇಲ್ಲದೆ ಇಲ್ಲ.

ಊಟದ ವಿಷಯಕ್ಕೆ ಬಂದರೆ ನನ್ನ ತಕರಾರು ಇರೋದು ಅಲ್ಲೇ. ವೈನ್ ಅಂದ ಕೂಡಲೇ ಚೀಸು, ಆಲಿವ್ ಕಾಯಿ. ನಂದಿ ಬೆಟ್ಟದ ಕೆಳಗೆ ಬೆಳೆದ ಹಣ್ಣಿಗೆ ಫ್ರಾನ್ಸಿನ ಚೀಸೇ ಜೋಡಿ ಆಗಬೇಕು ಅಂತ ಯಾವ ಶಾಸ್ತ್ರದಲ್ಲಿದೆ? ನಾವು ನಾಲ್ವರು ಗೆಳತಿಯರು, ಇಬ್ಬರು ದಾವಣಗೆರೆಯವರು, ಒಬ್ಬಳು ಹೊನ್ನಾಳಿ, ನಾನು, ಸೇರಿ ಬೆಂಗಳೂರಿನ ಫ್ಲ್ಯಾಟಿನಲ್ಲಿ ನಮ್ಮ ಊಟಗಳನ್ನೇ ಇಟ್ಟು ನೋಡಿದೆವು.

ಎಲ್ಲಕ್ಕಿಂತ ಗೆದ್ದದ್ದು ಮೀನು. ಸೂಳೆಕೆರೆಯ ಕಾಟ್ಲಾ, ಊರಿಂದ ಬರುವಾಗ ಐಸ್ ಡಬ್ಬದಲ್ಲಿ ತಂದದ್ದು. ಅರಿಸಿನ, ಖಾರದ ಪುಡಿ, ಉಪ್ಪು, ಬೆಳ್ಳುಳ್ಳಿ ಹಚ್ಚಿ ಕಾವಲಿಯ ಮೇಲೆ ಹುರಿದೆವು, ನಿಂಬೆ ಹಿಂಡಲಿಲ್ಲ. ನಿಂಬೆಯ ಕೆಲಸವನ್ನು ತಣ್ಣಗಿನ ಸೊವಿನ್ಯೋ ಬ್ಲಾಂಕ್ ಮಾಡಿತು. ಕೆರೆ ಮೀನಿಗೆ ಇರುವ ಸಣ್ಣ ಮಣ್ಣಿನ ವಾಸನೆಯನ್ನೂ ಆ ಹುಳಿ ತೊಳೆದುಬಿಟ್ಟಿತು. ಅದೇ ಮೀನಿಗೆ ಕೆಂಪು ವೈನ್ ಇಟ್ಟರೆ ಬಾಯಲ್ಲಿ ಕಬ್ಬಿಣ ನೆಕ್ಕಿದ ಹಾಗೆ.

ಬೆಣ್ಣೆದೋಸೆಗೂ ಹುಳಿಯೇ ಬೇಕು, ಬೆಣ್ಣೆಯ ಜಿಡ್ಡು ಕತ್ತರಿಸೋಕೆ. ಗುಳ್ಳೆ ಬರುವ ಸ್ಪಾರ್ಕ್ಲಿಂಗ್ ವೈನ್ ಅದಕ್ಕೆ ಹೇಳಿ ಮಾಡಿಸಿದ್ದು. ಮಂಡಕ್ಕಿ-ಮಿರ್ಚಿಗೂ ಅದೇ. ಮಿರ್ಚಿಯ ಎಣ್ಣೆ, ಖಾರ, ಮಂಡಕ್ಕಿಯ ಕುರುಕುಲು, ಮೇಲೆ ತಣ್ಣಗಿನ ಗುಳ್ಳೆ. ಹೊನ್ನಾಳಿ ಗೆಳತಿ ಇದಕ್ಕೆ ಸೋಡಾನೇ ಸಾಕು, ಕಮ್ಮಿ ದುಡ್ಡು ಅಂದಳು. ಅವಳು ಹೇಳಿದ್ದೂ ಸುಳ್ಳಲ್ಲ.

ಖಾರದ ವಿಷಯದಲ್ಲಿ ಎಚ್ಚರ ಬೇಕು. ಆಲ್ಕೋಹಾಲ್ ಹೆಚ್ಚಿದ್ದಷ್ಟೂ, ಚೊಗರು ಹೆಚ್ಚಿದ್ದಷ್ಟೂ ಖಾರ ಎರಡು ಪಟ್ಟಾಗಿ ಉರಿಯುತ್ತೆ. ನಮ್ಮ ನಾಟಿಕೋಳಿ ಸಾರಿನ ಜತೆ ಲಾ ರಿಸರ್ವ್ ಇಟ್ಟಾಗ ನಾಲ್ವರ ಕಣ್ಣಲ್ಲೂ ನೀರು. ಸಾರಿನ ಬದಲು ಅದೇ ಕೋಳಿಯನ್ನು ಕಾಳುಮೆಣಸು, ಕೊಬ್ಬರಿ ಹಾಕಿ ಒಣಗಲು ಪಲ್ಯ ಮಾಡಿ, ಮುದ್ದೆಯ ಬದಲು ಜೋಳದ ರೊಟ್ಟಿ ಇಟ್ಟಾಗ ಅದೇ ವೈನ್ ಸರಿಹೋಯಿತು. ಮಾಂಸದ ಕೊಬ್ಬು ಸಿಕ್ಕರೆ ಚೊಗರಿಗೆ ಹಿಡಿದುಕೊಳ್ಳೋಕೆ ಏನೋ ಸಿಕ್ಕ ಹಾಗೆ, ನಾಲಿಗೆಯನ್ನು ಬಿಟ್ಟುಬಿಡುತ್ತೆ. ಸಸ್ಯಾಹಾರಿಗಳಿಗೆ ಎಣ್ಣೆಗಾಯಿ. ಬದನೆಯ ಜತೆ ಹಾಕುವ ಶೇಂಗಾ, ಎಳ್ಳು ಎರಡರಲ್ಲೂ ಎಣ್ಣೆಯಂಶ ಇರೋದರಿಂದ ಕೆಂಪು ವೈನಿನ ಜತೆ ಒಗ್ಗುತ್ತೆ, ಖಾರ ಮಾತ್ರ ಅರ್ಧಕ್ಕೆ ಇಳಿಸಿ.

ಹುಣಸೆ ಜಾಸ್ತಿ ಇರುವ ಸಾರಿಗೆ ಹುಳಿ ಕಮ್ಮಿಯ ವಿಯೋನಿಯೆ ಇಟ್ಟರೆ ವೈನ್ ನೀರಾದಂತೆ ಅನ್ನಿಸುತ್ತೆ. ಊಟಕ್ಕಿಂತ ವೈನ್ ಹುಳಿ ಇರಬೇಕು, ಸಿಹಿಯಾದರೆ ಊಟಕ್ಕಿಂತ ಸಿಹಿ ಇರಬೇಕು. ಹಾಗಾಗಿ ಹೋಳಿಗೆಗೆ ಒಣ ವೈನ್ ಇಡಲೇಬೇಡಿ, ಕಷಾಯ ಕುಡಿದ ಹಾಗಾಗುತ್ತೆ. ಉಪ್ಪಿನಕಾಯಿ ಮುಂದೆ ಯಾವ ವೈನೂ ನಿಲ್ಲಲ್ಲ.

ಇನ್ನೊಂದು, ನಮ್ಮ ಬೇಸಿಗೆಗೆ ‘ರೂಮ್ ಟೆಂಪರೇಚರ್’ ಅನ್ನೋ ಸಲಹೆ ಹೊಂದಲ್ಲ. ಕೆಂಪು ವೈನಿಗೆ ಬೇಕಾದ್ದು 16ರಿಂದ 18 ಡಿಗ್ರಿ, ಏಪ್ರಿಲ್‌ನಲ್ಲಿ ನಮ್ಮ ರೂಮು 30 ದಾಟಿರುತ್ತೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಅಂಗಡಿಯವರು ನಕ್ಕರೆ ನಗಲಿ.

ದೊಡ್ಡಬಳ್ಳಾಪುರದಿಂದ ದೇವನಹಳ್ಳಿವರೆಗೆ ರಸ್ತೆ ಬದಿಯಲ್ಲಿ ಮಾರುವ ಕಪ್ಪು ದ್ರಾಕ್ಷಿಯನ್ನೂ ಬಿಡಬೇಡಿ. ಅದು ಬೆಂಗಳೂರು ಬ್ಲೂ, ಜಿಐ ಟ್ಯಾಗ್ ಪಡೆದ ತಳಿ. ಸಿಪ್ಪೆ ಜಾರುತ್ತೆ, ವಾಸನೆ ಜೋರು. ಫ್ರೆಂಚ್ ತಳಿಯ ವೈನ್ ಕುಡಿಯುವವರು ಇದನ್ನು ಮೂಗು ಮುರಿದು ನೋಡ್ತಾರೆ, ಆದರೆ ಕ್ರಿಸ್‌ಮಸ್‌ಗೆ ಮನೆಯಲ್ಲೇ ವೈನ್ ಮಾಡುವ ಎಷ್ಟೋ ಕುಟುಂಬಗಳಿಗೆ ಇಂಥ ಕಪ್ಪು ದ್ರಾಕ್ಷಿಯೇ ಆಧಾರ. 2007ರಲ್ಲಿ ಸರ್ಕಾರ ವೈನ್ ನೀತಿ ತಂದು ಮಂಡಳಿ ಮಾಡಿದ್ದರಿಂದ ಈಗ ರಾಜ್ಯದಲ್ಲಿ ನೋಡಲು ಬೇರೆ ತೋಟಗಳೂ ಇವೆ. ಚನ್ನಪಟ್ಟಣದಲ್ಲಿ ಸೂಲಾದವರದು, ಹಂಪಿ ಕಡೆ ಕೃಷ್ಮಾ. ದಾವಣಗೆರೆಯವರಿಗೆ ಹಂಪಿ ಹತ್ತಿರ, ನನ್ನ ಮುಂದಿನ ಪ್ರಯಾಣ ಅಲ್ಲಿಗೇ.

ಅಪ್ಪ ಮೊನ್ನೆ ಫೋನ್ ಮಾಡಿದಾಗ ವೈನಿನ ಮಾತೇ ಬರಲಿಲ್ಲ. ಅಡಿಕೆ ಸಾಲಿಗೆ ಹನಿ ನೀರಿನ ಪೈಪ್ ಹಾಕಿಸುತ್ತಿದ್ದಾರಂತೆ, ಸಬ್ಸಿಡಿ ಅರ್ಜಿಯನ್ನು ಆನ್‌ಲೈನಲ್ಲಿ ಹಾಕಿಕೊಡು ಅಂದರು. ಆಮೇಲೆ ಇಡೋ ಮುಂಚೆ, “ದ್ರಾಕ್ಷಿ ಬೀಜ ಕಡಿದ ಆ ಚೊಗರು ಎರಡು ದಿನ ಬಾಯಲ್ಲೇ ಇತ್ತು ಕಣವ್ವ” ಅಂತ ನಕ್ಕರು.